ಊರ ಕೆರೆಯ ಲೇಖನಕ್ಕೆ ‘ಉಲ್ಲೇಖ ಬೇಕು’: ಕನ್ನಡ ವಿಕಿಪೀಡಿಯದ ನಿಯಮಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಕೋಡಿಹಳ್ಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವನು, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಕೈಯಲ್ಲಿ ಸಮಯವಿರುವುದರಿಂದ ಎರಡು ತಿಂಗಳ ಹಿಂದೆ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು ನಮ್ಮೂರಿನ ಕೆರೆಯ ಬಗ್ಗೆ ಐದು ಪ್ಯಾರಾಗಳ ಲೇಖನವೊಂದನ್ನು ಬರೆದೆ. ಕೆರೆಯನ್ನು ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು, ಏರಿ ನಿಲ್ಲದೆ ಮೂರು ಸಲ ಒಡೆದಾಗ ಗೌಡರ ಮನೆಯ ಸೊಸೆಯನ್ನು ಆಹುತಿ ಕೊಟ್ಟದ್ದು, ತೂಬಿನ ಪಕ್ಕದಲ್ಲಿರುವ ಶಾಸನ, ನೀರಗಂಟಿಗಳು ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡುತ್ತಿದ್ದ ಕ್ರಮ, ನನ್ನ ಬಾಲ್ಯದಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ಬಾಗಿನ ಅರ್ಪಿಸುತ್ತಿದ್ದುದು, ಇವೆಲ್ಲವೂ ಅದರಲ್ಲಿದ್ದವು.

ಮರುದಿನ ನೋಡಿದರೆ ಒಬ್ಬ ಸದಸ್ಯರು ಮೂರು ಪ್ಯಾರಾಗಳನ್ನು ತೆಗೆದುಹಾಕಿ, ಉಳಿದ ಎರಡರ ಸಾಲು ಸಾಲಿಗೂ ‘ಉಲ್ಲೇಖ ಬೇಕು’ ಎಂಬ ಚೀಟಿ ಅಂಟಿಸಿದ್ದರು. ಸಂಪಾದನೆಯ ಸಾರಾಂಶದಲ್ಲಿ ‘ಸ್ವಂತ ಸಂಶೋಧನೆ’ ಎಂದು ಎರಡೇ ಪದಗಳಿದ್ದವು. ನಾನು ಹಿಂದಿನ ಪಠ್ಯವನ್ನು ಮತ್ತೆ ಹಾಕಿದೆ, ಅವರು ಮತ್ತೆ ತೆಗೆದರು, ನಾನು ಮತ್ತೊಮ್ಮೆ ಹಾಕಿದೆ. ಆಮೇಲೆ ನನ್ನ ಚರ್ಚೆ ಪುಟದಲ್ಲಿ ಒಂದು ಸಂದೇಶ ಬಂತು. ಮಾತು ಒರಟಾಗಿರಲಿಲ್ಲ, ಆದರೆ ಅದರಲ್ಲಿದ್ದ ಐದಾರು ಕೊಂಡಿಗಳನ್ನು ತೆರೆದು ಓದಿದಷ್ಟೂ ನನ್ನ ಗೊಂದಲ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನನ್ನ ಸಂದೇಹಗಳು ಇಷ್ಟು. ನಾನು ಕಣ್ಣಾರೆ ಕಂಡ ಕೋಡಿಪೂಜೆಗೆ ನಾನೇ ಸಾಕ್ಷಿಯಾಗಿರುವಾಗ ಬೇರೆ ಯಾವ ಸಾಕ್ಷಿ ಬೇಕು? ಶಾಸನದ ಕಲ್ಲು ಇವತ್ತಿಗೂ ಅಲ್ಲೇ ನಿಂತಿದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಅದನ್ನು ಆಧಾರವೆಂದು ಏಕೆ ಒಪ್ಪುವುದಿಲ್ಲ? ನಮ್ಮ ತಂದೆಯವರು ಕೈಯಲ್ಲಿ ಬರೆದಿಟ್ಟ ಒಂದು ವಹಿಯಲ್ಲಿ ನೀರು ಬಿಡುವ ಸರದಿಯ ವಿವರವೆಲ್ಲ ಇದೆ, ಅದನ್ನು ಉಲ್ಲೇಖಿಸಬಹುದೇ? ಕೊನೆಯದಾಗಿ, ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದರ ಪುರವಣಿಯಲ್ಲಿ ಈ ಕೆರೆಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಅದರ ಕೊಂಡಿ ಕೊಟ್ಟು ಅಲ್ಲಿನ ವಾಕ್ಯಗಳನ್ನು ಹಾಗೆಯೇ ಬಳಸಿಕೊಂಡರೆ ಸಾಕಾಗುತ್ತದೆಯೇ? ಮುಚ್ಚುಮರೆ ಇಲ್ಲದೆ ಹೇಳುವುದಾದರೆ, ಆ ವರದಿಗಾರರಿಗೆ ಮಾಹಿತಿ ಕೊಟ್ಟವನು ನಾನೇ.

ಅಡಿಟಿಪ್ಪಣಿ:

ಮೇಷ್ಟ್ರೇ, ಮೊದಲಿಗೆ ಒಂದು ಸಮಾಧಾನದ ವಿಷಯ. ನೀವು ಬರೆದದ್ದು ಯಾವುದೂ ಕಳೆದುಹೋಗಿಲ್ಲ. ಲೇಖನದ ಮೇಲ್ಭಾಗದಲ್ಲಿರುವ ‘ಇತಿಹಾಸ’ ಎಂಬಲ್ಲಿ ಒತ್ತಿದರೆ ನಿಮ್ಮ ಐದೂ ಪ್ಯಾರಾಗಳ ಆವೃತ್ತಿ ದಿನಾಂಕ, ವೇಳೆ ಸಹಿತ ಸಿಗುತ್ತದೆ. ಅದನ್ನು ನಕಲು ಮಾಡಿ ನಿಮ್ಮ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡಲು ಇರುವ ನಿಮ್ಮದೇ ಪುಟದಲ್ಲಿ, ಇಟ್ಟುಕೊಂಡು ನಿಧಾನವಾಗಿ ತಿದ್ದಿ. ಲೇಖನದ ಪುಟದಲ್ಲೇ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ಇತರರ ತಿದ್ದುಪಡಿಯನ್ನು ರದ್ದು ಮಾಡಿದವರನ್ನು ತಡೆಹಿಡಿಯುವ ನಿಯಮವೇ ಇದೆ. ಕನ್ನಡದಲ್ಲಿ ಸಂಪಾದಕರ ಸಂಖ್ಯೆ ಕಡಿಮೆ, ಲೆಕ್ಕ ಹಿಡಿದು ಕೂರುವವರೂ ಕಡಿಮೆ, ಆದರೆ ಎರಡನೆಯ ಸಲ ತೆಗೆದಾಗ ಲೇಖನದ ಚರ್ಚೆ ಪುಟಕ್ಕೆ ಹೋಗಿ ‘ಏಕೆ?’ ಎಂದು ಕೇಳುವುದು ಎಲ್ಲ ಭಾಷೆಯ ವಿಕಿಗಳಲ್ಲೂ ನಡೆದುಬಂದ ಪದ್ಧತಿ. ಅಲ್ಲಿಯೂ ಉತ್ತರ ಸಿಗದಿದ್ದರೆ ಅರಳಿಕಟ್ಟೆ ಇದೆ. ಹೆಸರೇ ಹೇಳುವಂತೆ ಅದು ಊರವರೆಲ್ಲ ಸೇರಿ ಮಾತನಾಡುವ ಜಾಗ.

ಇನ್ನು ‘ನಾನೇ ಸಾಕ್ಷಿ’ ಎಂಬ ಮಾತು. ತರಗತಿಯಲ್ಲಿ ನೀವು ಹೇಳಿದ್ದನ್ನು ಮಕ್ಕಳು ನಂಬಿದ್ದು ನಿಮ್ಮ ಮುಖ ನೋಡಿ. ವಿಕಿಪೀಡಿಯದಲ್ಲಿ ಬರೆಯುವವರಿಗೆ ಮುಖವಿಲ್ಲ. ‘ಕೋಡಿಹಳ್ಳ’ ಎಂಬ ಹೆಸರಿನ ಹಿಂದೆ ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರಿದ್ದಾರೋ, ಹೊತ್ತು ಹೋಗದೆ ಕಿಡಿಗೇಡಿತನಕ್ಕೆ ಇಳಿದ ಹುಡುಗನಿದ್ದಾನೋ ಎಂಬುದು ಬೀದರಿನಲ್ಲಿ ಕುಳಿತು ಓದುವವನಿಗೆ ತಿಳಿಯುವ ದಾರಿಯಿಲ್ಲ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಕುರಿತ ಇಂಗ್ಲಿಷ್ ಲೇಖನಕ್ಕೆ ಯಾರೋ ಅನಾಮಧೇಯರು, ಕೆನೆಡಿ ಹತ್ಯೆಯಲ್ಲಿ ಇವರ ಕೈವಾಡವಿತ್ತೆಂದು ಒಂದು ಕಾಲದಲ್ಲಿ ಶಂಕಿಸಲಾಗಿತ್ತು ಎಂಬ ಹಸಿಸುಳ್ಳನ್ನು ಸೇರಿಸಿದ್ದರು, ಅದು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಬದುಕಿರುವ ವ್ಯಕ್ತಿಗಳ ಬಗ್ಗೆ ಬರೆಯುವಾಗ ಇರುವ ಬಿಗಿಯಾದ ನಿಯಮಗಳು ಹುಟ್ಟಿದ್ದು ಆ ಪ್ರಕರಣದ ಬೆನ್ನಿಗೆ. ಆದ್ದರಿಂದ ಉಲ್ಲೇಖವೆಂದರೆ ‘ಇದು ಸತ್ಯ’ ಎಂದು ಒತ್ತುವ ಮೊಹರಲ್ಲ. ಈ ವಾಕ್ಯವನ್ನು ನಾನು ಎಲ್ಲಿಂದ ತಂದೆನೋ ಅಲ್ಲಿಗೆ ನೀವೂ ಹೋಗಬಹುದು ಎಂದು ಓದುಗನಿಗೆ ತೋರಿಸುವ ದಾರಿ, ಅಷ್ಟೆ. ನಿಮ್ಮ ನೆನಪು ಎಷ್ಟೇ ಖಚಿತವಾಗಿದ್ದರೂ ಅಲ್ಲಿಗೆ ಇನ್ನೊಬ್ಬರು ಹೋಗಿಬರಲು ದಾರಿಯಿಲ್ಲ. ತಂದೆಯವರ ವಹಿಯದೂ ಅದೇ ಕಥೆ. ಅದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವವರೆಗೆ ವಿಕಿಪೀಡಿಯದ ಮಟ್ಟಿಗೆ ಇಲ್ಲದಂತೆಯೇ.

ಹಾಗೆಂದು ಆಧಾರಗಳೆಲ್ಲ ಅಂತರಜಾಲದಲ್ಲೇ ಇರಬೇಕೆಂದೇನೂ ಇಲ್ಲ. ಹೊಸಬರಲ್ಲಿ ಬಹಳ ಮಂದಿ ಇಲ್ಲೇ ತಪ್ಪು ತಿಳಿಯುತ್ತಾರೆ. ಅಚ್ಚಾದ ಪುಸ್ತಕ ಧಾರಾಳವಾಗಿ ಆಗುತ್ತದೆ; ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟಸಂಖ್ಯೆ ಕೊಟ್ಟರಾಯಿತು. ಪುಟಸಂಖ್ಯೆಯನ್ನು ಮಾತ್ರ ಮರೆಯಬೇಡಿ. 600 ಪುಟಗಳ ಗ್ಯಾಸೆಟಿಯರಿನ ಹೆಸರಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ‘ಸಂತೆಯಲ್ಲಿದ್ದಾನೆ, ಹುಡುಕಿಕೋ’ ಎಂದಂತಾಗುತ್ತದೆ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳೂ ಅಚ್ಚಾದವೇ ಆದರೂ ಅವುಗಳಿಂದ ಇಸವಿ, ಹುದ್ದೆ, ಊರುಗಳಂಥ ವಿವರಗಳನ್ನು ಮಾತ್ರ ತೆಗೆದುಕೊಳ್ಳುವುದು ಕ್ಷೇಮ. ‘ಅಪ್ರತಿಮ’, ‘ಧೀಮಂತ’ ಇತ್ಯಾದಿಗಳನ್ನು ಅಲ್ಲಿಯೇ ಬಿಟ್ಟು ಬನ್ನಿ.

ಶಾಸನದ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಲೇಖನದ ಗಟ್ಟಿ ಭಾಗ ಅದೇ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಅಚ್ಚಾದದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಸ್ಕ್ಯಾನ್ ಪ್ರತಿಯೂ ಇದೆ. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಹಾಕಿ ಜೋಡಿಸಿರುವುದರಿಂದ ನಿಮ್ಮೂರಿನದನ್ನು ಹುಡುಕುವುದು ಕಷ್ಟವಾಗದು. ಕಲ್ಲನ್ನು ನೀವೇ ಓದಿ ಬರೆದರೆ ಅದು ಸ್ವಂತ ಸಂಶೋಧನೆ. ಅಚ್ಚಾದ ಪಾಠವನ್ನು ನೋಡಿ ಬರೆದರೆ ಉಲ್ಲೇಖ. ಕಲ್ಲು ಒಂದೇ, ಅಕ್ಷರವೂ ಅದೇ, ಆದರೂ ವ್ಯತ್ಯಾಸವಿದೆ. ಸವೆದ ಅಕ್ಷರಗಳನ್ನು ಓದುವುದು ಒಂದು ವಿದ್ಯೆ, ಅದನ್ನು ಮಾಡಿದವರು ಹೆಸರು ಹಾಕಿ ಹೊಣೆ ಹೊತ್ತಿರುತ್ತಾರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೂಬಿನ ಬಳಿಯ ಶಾಸನದಲ್ಲಿ ‘ಬಿತ್ತುವಟ್ಟ’ ಎಂಬ ಪದವಿದೆಯೇ ನೋಡಿ. ಅದು ಕೆರೆಯ ಪಾಲನೆಗಾಗಿ ಬಿಟ್ಟ ದತ್ತಿ. ಅಂಥ ಶಾಸನದಲ್ಲಿ ವಿಷ್ಣುವರ್ಧನನ ಹೆಸರಿದ್ದರೆ ಅದರಿಂದ ತಿಳಿಯುವುದು ಅವನ ಆಳ್ವಿಕೆಯ ಹೊತ್ತಿಗೆ ಕೆರೆ ಇತ್ತು ಎಂಬುದಷ್ಟೇ, ಅವನು ಕಟ್ಟಿಸಿದ ಎಂಬುದಲ್ಲ. ದೊರೆಯ ಹೆಸರು ಹೇಳಿ ಶಾಸನವನ್ನು ಆರಂಭಿಸುವುದು ಅಂದಿನ ರೂಢಿ; ಕಟ್ಟಿಸಿದವನು ಊರಿನ ಒಬ್ಬ ಗಾವುಂಡನೇ ಇರಬಹುದು. ಶಾಸನದಲ್ಲಿ ರಾಜನಿದ್ದಾನೆ, ಪಕ್ಕದಲ್ಲಿ ಕೆರೆಯಿದೆ, ಆದ್ದರಿಂದ ಕೆರೆ ರಾಜನದು ಎಂದು ಎರಡನ್ನು ಕೂಡಿಸಿ ಮೂರನೆಯದನ್ನು ಹೊರಡಿಸುವುದೇ ‘ಸ್ವಂತ ಸಂಶೋಧನೆ’. ಆ ಸದಸ್ಯರು ಆ ಎರಡು ಪದಗಳ ಬದಲು ಇದನ್ನು ಎರಡು ವಾಕ್ಯಗಳಲ್ಲಿ ಬರೆದಿದ್ದರೆ ನಿಮಗೆ ಇಷ್ಟು ಬೇಸರ ಆಗುತ್ತಿರಲಿಲ್ಲವೇನೋ.

ಪತ್ರಿಕೆಯ ವಾಕ್ಯಗಳನ್ನು ಹಾಗೆಯೇ ಬಳಸುವಂತಿಲ್ಲ. ಕೊಂಡಿ ಕೊಟ್ಟ ಮಾತ್ರಕ್ಕೆ ಕೃತಿಚೌರ್ಯದ ದೋಷ ಹೋಗಬಹುದು, ಕೃತಿಸ್ವಾಮ್ಯದ ಉಲ್ಲಂಘನೆ ಹೋಗುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರ ಹಕ್ಕು ಅವರ ಜೀವಿತಕಾಲ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ವಿಕಿಪೀಡಿಯದ ಪಠ್ಯವನ್ನಾದರೋ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಿಕೊಳ್ಳಬಹುದಾದ ಪರವಾನಗಿಯಲ್ಲಿ ಕೊಡಲಾಗುತ್ತದೆ. ಪರರ ಸೊತ್ತನ್ನು ಹಾಗೆ ಹಂಚಲು ನಮಗೆ ಅಧಿಕಾರವಿಲ್ಲ. ವಿಷಯವನ್ನು ತೆಗೆದುಕೊಂಡು ನಿಮ್ಮ ಮಾತಿನಲ್ಲಿ ಬರೆಯಿರಿ. ಆದರೆ ಮಾಹಿತಿ ಕೊಟ್ಟವರು ನೀವೇ ಎಂದಿರಲ್ಲ, ಅಲ್ಲಿ ನನಗೂ ಸ್ವಲ್ಪ ನಗು ಬಂತು, ಸ್ವಲ್ಪ ಯೋಚನೆಯೂ ಆಯಿತು. ನೀವು ಹೇಳಿದ್ದು ಪತ್ರಿಕೆಗೆ ಹೋಗಿ, ಪತ್ರಿಕೆಯಿಂದ ನೀವೇ ವಿಕಿಪೀಡಿಯಕ್ಕೆ ತಂದು, ನಾಳೆ ಇನ್ನೊಬ್ಬ ವರದಿಗಾರ ಅದನ್ನು ವಿಕಿಪೀಡಿಯದಿಂದ ಎತ್ತಿಕೊಂಡರೆ, ಒಂದೇ ಬಾಯಿಯ ಮಾತಿಗೆ ಮೂರು ಸಾಕ್ಷಿಗಳಾಗುತ್ತವೆ. ಪುರವಣಿಯನ್ನು ಉಲ್ಲೇಖಿಸುವುದಕ್ಕೆ ಅಡ್ಡಿಯಿಲ್ಲ. ಕೋಡಿಪೂಜೆಯಂಥ ಸಂಗತಿಗೆ ಅದು ಸಾಕು, ಹನ್ನೆರಡನೆಯ ಶತಮಾನದ ಸಂಗತಿಗೆ ಸಾಲದು.

ಮೊಮ್ಮಗ:

ಅಡಿಟಿಪ್ಪಣಿ ಮೇಡಂ ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಎಲ್ಲವನ್ನೂ ಅಲ್ಲ. ನಮ್ಮ ತಾತ ನೀರಗಂಟಿಯಾಗಿದ್ದವರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಮೊದಲು ಕೆರೆಯ ಬಾಲದ ಕಡೆಯವರಿಗೋ ತೂಬಿನ ಹತ್ತಿರದವರಿಗೋ, ಕಳ್ಳಗಂಡಿ ತೋಡಿದವನಿಗೆ ಏನು ದಂಡ ಎಂಬುದೆಲ್ಲ ಅವರ ತಲೆಯಲ್ಲಿತ್ತು, ಕಾಗದದ ಮೇಲೆ ಎಂದೂ ಬರಲಿಲ್ಲ. ಶಾಸನ ಹಾಕಿಸಿದವರು ದತ್ತಿ ಕೊಟ್ಟವರು. ಮಣ್ಣು ಹೊತ್ತವರ, ನೀರು ಹಾಯಿಸಿದವರ ಹೆಸರು ಕಲ್ಲಿಗೆ ಏರುವುದು ಅಪರೂಪ. ನೀರಗಂಟಿ ಕುಟುಂಬಗಳು ಬಹಳ ಕಡೆ ದಲಿತ ಕುಟುಂಬಗಳು ಎಂಬುದನ್ನೂ ಇದರೊಂದಿಗೆ ನೆನೆಯಬೇಕು. ಅಚ್ಚಾದದ್ದು ಮಾತ್ರ ಆಧಾರ ಎಂದಾಗ, ಅಚ್ಚಿನ ಮನೆಯ ಬಾಗಿಲು ಯಾರಿಗೆ ತೆರೆದಿತ್ತೋ ಅವರ ತಿಳಿವಳಿಕೆ ಮಾತ್ರ ವಿಶ್ವಕೋಶಕ್ಕೆ ಬರುತ್ತದೆ.

ಈ ತಕರಾರು ನನ್ನೊಬ್ಬನದಲ್ಲ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಅವರು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ನೆರವಿನಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆದಿ ಭಾಷೆಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಹಳ್ಳಿಯ ಆಟ, ಅಡುಗೆ, ಆಚರಣೆಗಳ ಬಗ್ಗೆ ಬಲ್ಲವರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಉಲ್ಲೇಖವಾಗಿ ಕೊಡಬಹುದೇ ಎಂದು ನೋಡುವುದು ಅದರ ಉದ್ದೇಶ. ಚರ್ಚೆ ಬಹಳ ನಡೆಯಿತು, ನಿಯಮ ಬದಲಾಗಲಿಲ್ಲ. ಹೊಣೆ ಹೊರುವ ಪ್ರಕಾಶಕರೂ ಸಂಪಾದಕರೂ ಇಲ್ಲದ ಧ್ವನಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಗಲಿಲ್ಲ, ಅದೂ ನಿಜವೇ.

ಆದರೂ ಮೇಷ್ಟ್ರಿಗೆ ಒಂದು ಮಾತು. ಆ ವಹಿಯನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ. ಅದರ ಮೇಲೆ ಒಂದು ಪ್ರಬಂಧ ಬರೆದು ಕರ್ನಾಟಕ ಇತಿಹಾಸ ಅಕಾದೆಮಿಯ ಸಮ್ಮೇಳನದಲ್ಲಿ ಮಂಡಿಸಿ. ಅಲ್ಲಿನ ಪ್ರಬಂಧಗಳು ‘ಇತಿಹಾಸ ದರ್ಶನ’ ಎಂಬ ವಾರ್ಷಿಕ ಸಂಪುಟದಲ್ಲಿ ಅಚ್ಚಾಗುತ್ತವೆ. ಅಚ್ಚಾದ ಮೇಲೆ ನೀವೇ ಅದನ್ನು ಲೇಖನಕ್ಕೆ ಸೇರಿಸುವ ಬದಲು, ‘ಇದು ನಾನು ಬರೆದದ್ದು, ಬಳಸಬಹುದೇ ನೋಡಿ’ ಎಂದು ಚರ್ಚೆ ಪುಟದಲ್ಲಿ ಹೇಳಿ ಬೇರೊಬ್ಬರಿಗೆ ಬಿಡಿ. ಮುಂದೆ ನಮ್ಮ ತಾತನಂಥವರ ವಿಷಯ ಬರೆಯುವವರಿಗೂ ಅದೊಂದು ಆಧಾರವಾಗುತ್ತದೆ.

ಕೋಡಿಹಳ್ಳ:

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ರೈಸ್ ಅವರ ಸಂಪುಟದಲ್ಲಿ ನಮ್ಮೂರಿನ ಶಾಸನ ಸಿಕ್ಕಿತು. ಕನ್ನಡ ಪಾಠ, ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಮೇಡಂ ಊಹಿಸಿದಂತೆ ‘ಬಿತ್ತುವಟ್ಟ’ ಎಂದೇ ಇದೆ. ‘ಕಟ್ಟಿಸಿದ’ ಎಂಬ ಮಾತು ಎಲ್ಲಿಯೂ ಇಲ್ಲ. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿಕೊಂಡು ಬಂದದ್ದನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಪ್ರಯೋಗಪುಟದಲ್ಲಿ ಹೀಗೆ ತಿದ್ದಿದ್ದೇನೆ, ಸರಿಯೇ ನೋಡಿ: ‘ಈ ಪುರಾತನ ಹಾಗೂ ರಮಣೀಯ ಕೆರೆಯು ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1122ರಲ್ಲಿ, ಅಸ್ತಿತ್ವದಲ್ಲಿತ್ತು ಎಂಬುದು ನಿರ್ವಿವಾದ. ಕೆರೆಯ ಏರಿಗೆ ಗೌಡರ ಸೊಸೆಯನ್ನು ಆಹುತಿ ಕೊಡಲಾಯಿತೆಂದು ಪ್ರತೀತಿ.’ ಶಾಸನದಲ್ಲಿ ಶಕ 1044 ಎಂದಿದೆ, 78 ಕೂಡಿಸಿದ್ದೇನೆ. ಈ ಕೂಡಿಸುವಿಕೆಯೂ ಸ್ವಂತ ಸಂಶೋಧನೆಯಾಗುತ್ತದೆಯೋ ಎಂಬ ಭಯ ಈಗ ಹತ್ತಿಕೊಂಡಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಿಂದ ತಾಲ್ಲೂಕಿನ ವಿವರ ತೆಗೆದುಕೊಳ್ಳಬಹುದೇ ಎಂಬುದನ್ನೂ ತಿಳಿಸಿ.

ಶಕವರ್ಷ:

ಕೂಡಿಸುವುದಕ್ಕೆ ಹೆದರಬೇಡಿ ಸರ್. ಯಾರು ಮಾಡಿದರೂ ಒಂದೇ ಉತ್ತರ ಬರುವ ಸಾಮಾನ್ಯ ಲೆಕ್ಕಕ್ಕೆ ಅನುಮತಿಯಿದೆ. ಆದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಶಾಸನದ ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಅಷ್ಟರಲ್ಲಿ ಕ್ರಿಸ್ತಶಕದ ಮುಂದಿನ ವರ್ಷ ಬಂದಿರುತ್ತದೆ, 79 ಕೂಡಿಸಬೇಕು. ಸಂವತ್ಸರದ ಹೆಸರನ್ನೂ ತಾಳೆ ನೋಡಿ: ಶಕ 1044ಕ್ಕೆ ಶುಭಕೃತು ಬರಬೇಕು. ಬೇರೆ ಹೆಸರಿದ್ದರೆ ಲೆಕ್ಕವನ್ನು ನೀವು ಬಿಡಿಸಲು ಹೋಗದೆ ರೈಸ್ ಕೊಟ್ಟ ಇಸವಿಯನ್ನೇ ಅವರ ಹೆಸರಿನಲ್ಲಿ ಹೇಳಿ. ಜೊತೆಗೆ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು 1972ರಿಂದ ತಂದಿದೆ. ಅದರಲ್ಲಿ ಶಾಸನಗಳ ಸಂಖ್ಯೆ ಬದಲಾಗಿದೆ. ಯಾವ ಆವೃತ್ತಿಯ ಸಂಖ್ಯೆ ಎಂದು ಹೇಳದಿದ್ದರೆ ಹುಡುಕುವವನು ಬೇರೆ ಊರಿನ ಕಲ್ಲಿನ ಮುಂದೆ ನಿಲ್ಲುತ್ತಾನೆ.

‘ನಿರ್ವಿವಾದ’ ಎಂಬ ಪದದ ಬಗ್ಗೆಯೂ ಒಂದು ಮಾತು. ಹಲ್ಮಿಡಿ ಶಾಸನವನ್ನೇ ನೋಡಿ. ವಿದ್ವಾಂಸರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಕ್ರಿ.ಶ. 450ರ ಸುಮಾರಿನದೆಂದರು, ಡಿ.ಸಿ. ಸರ್ಕಾರ್ ಆರನೆಯ ಶತಮಾನದ ಕೊನೆಗೆ ತಂದರು. ಇನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013-14ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದು, ಹಾಗಾಗಿ ಹಲ್ಮಿಡಿಗಿಂತ ಹಳೆಯದು ಎಂಬುದು ಪುರಾತತ್ತ್ವ ಇಲಾಖೆಯ ನಿಲುವು. ಇಂಥಲ್ಲಿ ನಮ್ಮ ಕೆಲಸ ತೀರ್ಪು ಕೊಡುವುದಲ್ಲ, ಯಾರು ಏನು ಹೇಳಿದರೆಂದು ಅವರವರ ಹೆಸರಿನಲ್ಲೇ ಬರೆಯುವುದು. ನಿಷ್ಪಕ್ಷಪಾತ ಎಂದು ನಿಯಮದ ಪುಟದಲ್ಲಿ ಹೇಳಿರುವುದು ಇದನ್ನೇ.

ಅಡಿಟಿಪ್ಪಣಿ:

ಮೇಷ್ಟ್ರೇ, ನಿಮ್ಮ ವಾಕ್ಯದಿಂದ ‘ಪುರಾತನ’, ‘ರಮಣೀಯ’, ‘ನಿರ್ವಿವಾದ’ ಮೂರನ್ನೂ ತೆಗೆದುಬಿಡಿ. ಇಸವಿ ಹೇಳಿದ ಮೇಲೆ ಪುರಾತನವೆಂದು ಬೇರೆ ಹೇಳಬೇಕಾಗಿಲ್ಲ, ರಮಣೀಯವೋ ಅಲ್ಲವೋ ನೀವು ತೆಗೆದ ಚಿತ್ರವೇ ಹೇಳುತ್ತದೆ. ಉಳಿಯುವುದು ಇಷ್ಟು: ‘ಕೆರೆಯ ತೂಬಿನ ಬಳಿ ಇರುವ, ವಿಷ್ಣುವರ್ಧನನ ಆಳ್ವಿಕೆಯ ಶಕ 1044ರ ಶಾಸನವು ಈ ಕೆರೆಗೆ ಬಿತ್ತುವಟ್ಟವನ್ನು ಬಿಟ್ಟುದನ್ನು ದಾಖಲಿಸುತ್ತದೆ.’ ಪೂರ್ಣವಿರಾಮದ ನಂತರ ಉಲ್ಲೇಖದ ಗುಂಡಿ ಒತ್ತಿ ಸಂಪುಟ, ವರ್ಷ, ತಾಲ್ಲೂಕು, ಶಾಸನಸಂಖ್ಯೆ, ಪುಟ ತುಂಬಿಸಿ. ಚಿತ್ರವನ್ನು ನೀವೇ ತೆಗೆದಿದ್ದರೆ ಮಾತ್ರ ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ಕಾಮನ್ಸ್‌ಗೆ ಏರಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು ಬೇಡ, ಅದರ ಹಕ್ಕು ತೆಗೆದವರದು.

‘ಪ್ರತೀತಿ’ ಎಂಬ ಪದ ತಪ್ಪಿಸಿಕೊಳ್ಳುವ ಕಿಂಡಿಯಾಗಬಾರದು. ಕೆರೆಗೆ ಸೊಸೆಯನ್ನು ಆಹುತಿ ಕೊಟ್ಟ ಕಥೆ ನಮ್ಮ ನಾಡಿನಲ್ಲಿ ಹಲವು ಕೆರೆಗಳಿಗೆ ಅಂಟಿಕೊಂಡಿದೆ, ಜನಪದ ಹಾಡಾಗಿಯೂ ಉಳಿದಿದೆ. ನಿಮ್ಮ ಕೆರೆಯ ಹೆಸರು ಹಿಡಿದು ಆ ಕಥೆಯನ್ನು ಯಾರಾದರೂ ಅಚ್ಚಿನಲ್ಲಿ ದಾಖಲಿಸಿದ್ದರೆ, ಪುರವಣಿಯ ಲೇಖನವೇ ಆಗಲಿ, ‘ಎಂಬ ಕಥೆ ಊರಿನಲ್ಲಿ ಪ್ರಚಲಿತವಾಗಿದೆ ಎಂದು ಇಂಥ ಲೇಖನ ದಾಖಲಿಸಿದೆ’ ಎಂದು ಬರೆಯಬಹುದು. ಕಥೆ ಇದೆ ಎಂಬುದಕ್ಕೆ ಅದು ಆಧಾರ, ಘಟನೆ ನಡೆಯಿತು ಎಂಬುದಕ್ಕಲ್ಲ. ಪತ್ರಿಕೆಗಳ ಕೊಂಡಿಗಳು ಬೇಗ ಸಾಯುತ್ತವೆ, ಆದ್ದರಿಂದ ದಿನಾಂಕ ಮತ್ತು ಪುಟಸಂಖ್ಯೆಯನ್ನೂ ಕೊಟ್ಟು, ಆ ಪುಟವನ್ನು ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಉಳಿಸಿಡಿ.

ಕನ್ನಡ ವಿಶ್ವಕೋಶವನ್ನು ಧಾರಾಳವಾಗಿ ಬಳಸಿ. ಅದರ ಕೆಲವು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು, ಮುಕ್ತ ಪಠ್ಯಗಳ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ. ಮುಕ್ತವೆಂದರೂ ಮೂಲವನ್ನು ಹೆಸರಿಸಲೇಬೇಕು. ಅದರ ಮೊದಲ ಸಂಪುಟ ಬಂದದ್ದು 1969ರಲ್ಲಿ ಎಂಬುದು ನೆನಪಿರಲಿ. ಅಲ್ಲಿನ ಜನಸಂಖ್ಯೆಯನ್ನು ಇಂದಿನದೆಂಬಂತೆ ತಂದು ಹಾಕಬೇಡಿ.

ಇನ್ನೊಂದು ಸಲಹೆ, ನಿಮಗೆ ಹಿಡಿಸದೆಯೂ ಇರಬಹುದು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಏಳೆಂಟು ವಾಕ್ಯಗಳಾದರೆ ಅವಕ್ಕೆ ಪ್ರತ್ಯೇಕ ಲೇಖನ ಬೇಡ. ನಿಮ್ಮೂರಿನ ಲೇಖನದಲ್ಲೇ ‘ಕೆರೆ’ ಎಂಬ ಉಪಶೀರ್ಷಿಕೆ ಮಾಡಿ ಸೇರಿಸಿ. ಆಧಾರಗಳು ಹೆಚ್ಚಿದಾಗ ಬೇರೆ ಮಾಡಬಹುದು.

ಕೋಡಿಹಳ್ಳ:

ಹಿಡಿಸಲಿಲ್ಲ, ಆದರೂ ಹಾಗೆಯೇ ಮಾಡಿದ್ದೇನೆ. ಎಣಿಸಿದರೆ ಆರು ವಾಕ್ಯಗಳಾದವು, ನಾಲ್ಕು ಉಲ್ಲೇಖಗಳು. ಶಾಸನದ ತಿಂಗಳು ಪುಷ್ಯ ಎಂದಿದೆ, ಅದು ಡಿಸೆಂಬರ್-ಜನವರಿಗೆ ಬೀಳುವುದರಿಂದ 78 ಕೂಡಿಸಬೇಕೋ 79 ಕೂಡಿಸಬೇಕೋ ತಿಳಿಯದೆ 1122ನ್ನು ತೆಗೆದು ರೈಸ್ ಅವರ ಇಸವಿಯನ್ನೇ ಕೊಟ್ಟಿದ್ದೇನೆ. ಪ್ಯಾರಾಗಳನ್ನು ತೆಗೆದ ಸದಸ್ಯರಿಗೆ ಚರ್ಚೆ ಪುಟದಲ್ಲಿ ವಿವರ ಬರೆದು ಒಮ್ಮೆ ನೋಡಲು ಕೋರಿದ್ದೇನೆ. ಅವರು ಬಂದು ಒಂದು ಅಲ್ಪವಿರಾಮವನ್ನು ಸರಿಪಡಿಸಿ ಹೋಗಿದ್ದಾರೆ, ಬೇರೇನೂ ಮುಟ್ಟಿಲ್ಲ. ವಹಿಯ ಮೊದಲ ಹತ್ತು ಪುಟಗಳನ್ನು ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಸರದಿಯ ಪಟ್ಟಿಯಲ್ಲಿ ನೀರಗಂಟಿಗಳ ಹೆಸರುಗಳೂ ಇವೆ. ಮೊಮ್ಮಗ ಅವರೇ, ನಿಮ್ಮ ಊರು ಯಾವುದೆಂದು ತಿಳಿಸುತ್ತೀರಾ?